ನಾಲ್ಕು ಪಾದದ ಗೂಡು

2019ರ ಆಗಸ್ಟ್ 9, ಶುಕ್ರವಾರ, ಬೆಳಿಗ್ಗೆ ಎಂಟು ಗಂಟೆ. ಕೃಷ್ಣಾ ಹೊಳೆಯ ಮಟ್ಟ ಹದಿನಾಲ್ಕು ಮೀಟರ್ ಮೂವತ್ತೆರಡು ಸೆಂಟಿಮೀಟರ್. ಶಶಿಕಾಂತ ಮೊಣಕಾಲುದ್ದ ನೀರಿನಲ್ಲಿ ನಿಂತು ಅಳತೆಪಟ್ಟಿಯನ್ನು ಎರಡು ಸಲ ಓದಿದ. ತೆರೆ ಏರಿದಾಗ ಒಂದು ಅಂಕಿ, ಇಳಿದಾಗ ಒಂದು. ಎರಡರ ನಡುವಿನದನ್ನು ವಹಿಯಲ್ಲಿ ಬರೆದು, ವಹಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಅಂಗಿಯೊಳಗೆ ಇಟ್ಟುಕೊಂಡ.

ಹೊಳೆ ಅಳೆಯುವುದೇ ಅವನ ಕೆಲಸ. ಜಮಖಂಡಿಯಲ್ಲಿ ಬಿ.ಎಸ್ಸಿ. ಮುಗಿಸಿ ಗುತ್ತಿಗೆಯ ಮೇಲೆ ಈ ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ಬೇರೆ ದಿನಗಳಲ್ಲಿ ಬೆಳಿಗ್ಗೆ ಎಂಟಕ್ಕೆ ಒಂದೇ ಅಳತೆ, ಮಹಾಪೂರದಲ್ಲಿ ತಾಸಿಗೊಂದು. ಅಂಕಿಯನ್ನು ಫೋನಿನಲ್ಲಿ ಮೇಲಿನ ಕಚೇರಿಗೆ ತಿಳಿಸಬೇಕು. ಬುಧವಾರ ರಾತ್ರಿಯಿಂದ ಫೋನು ಸತ್ತಿತ್ತು. ಆದರೂ ತಾಸಿಗೊಮ್ಮೆ ಇಳಿದು ಓದುತ್ತಿದ್ದ, ಬರೆಯುತ್ತಿದ್ದ.

ಅವನ ಊರು ಹೊಳೆಬಸಾಪುರ ಆ ದಿನ ನಡುಗಡ್ಡೆಯಾಗಿತ್ತು. ಮುಂದೆ ಹೊಳೆ, ಹಿಂದೆ ಹೊಳೆಯ ನೀರು ಹಿಮ್ಮುಖವಾಗಿ ನುಗ್ಗಿ ಕೆರೆಯಂತಾದ ಹಳ್ಳ. ರಬಕವಿಯ ರಸ್ತೆ ಮುಳುಗಿ ಮೂರನೇ ದಿನ. ನೀರಿನ ಮೇಲೆ ಉಳಿದದ್ದು ಊರ ಹಿಂದಿನ ಮಡ್ಡಿ, ಅಂದರೆ ಕಲ್ಲುಭೂಮಿಯ ಎತ್ತರ, ಅಷ್ಟೇ. ಮಡ್ಡಿಯ ಮೇಲೆ ಸರ್ಕಾರಿ ಶಾಲೆ. ಶಾಲೆಯ ಐದು ಕೋಣೆಗಳಲ್ಲಿ ನಲವತ್ತು ಮನೆಯ ಜನ. ಶಾಲೆಯ ಸುತ್ತ ಗುದ್ದಲಿ ಇಳಿಯದ ಕಲ್ಲುಹಾಸು. ಕಲ್ಲುಹಾಸು ಮುಗಿದ ಕಡೆ ಕೆಂಪು ಗರಸಿನ, ಅಂದರೆ ಗಟ್ಟಿ ಜಲ್ಲಿಮಣ್ಣಿನ, ಇಪ್ಪತ್ತು ಗುಂಟೆ ಜಾಗ. ಅದು ಶಶಿಕಾಂತನದು.

ಎಂಟೂ ಹತ್ತಕ್ಕೆ ಬಸವಕುಮಾರ ಬಂದ. ಊರಿನ ದೊಡ್ಡ ಜಮೀನ್ದಾರ ಅಂದಾನೆಪ್ಪನ ಮಗ, ಇಪ್ಪತ್ತೈದರ ಹುಡುಗ. ಕಣ್ಣು ಊದಿದ್ದವು.

"ಅಣ್ಣಾ, ಆಯಿ ಹೋದ್ಲು. ಐದು ಗಂಟೇಕ್ಕ."

ಆಯಿ ಅಂದರೆ ಮಾದೇವಿ, ಅಂದಾನೆಪ್ಪನ ತಾಯಿ, ಎಂಬತ್ತೊಂದು ವರ್ಷದವಳು.

"ಅಪ್ಪ ಕರಿಯಾಕತ್ತಾನ. ಕುಣಿ ತಗ್ಯಾಕ ಜಾಗಾ ಇಲ್ಲ. ನಮ್ಮ ಹೊಲ, ರುದ್ರಭೂಮಿ ಎಲ್ಲಾ ನೀರಾಗೈತಿ. ದೋಣಿಯವ್ರು ಜೀವ ಇದ್ದವ್ರನ್ನ ಮೊದಲ ಒಯ್ತೀವಿ ಅಂತಾರ. ನಿಮ್ಮ ಮಡ್ಡಿಯೊಳಗಷ್ಟ..."

"ನಿಮ್ಮಪ್ಪಗ ಕಾಲು ಅದಾವಿಲ್ಲ? ತಾನ ಬಂದು ಕೇಳಲಿ."

ಹುಡುಗ ಹಿಂದಿರುಗಿ ನಡೆದ. ಶಶಿಕಾಂತನ ಎದೆಯಲ್ಲಿ ಏನೋ ಸಡಿಲವಾಯಿತು. ಬಾಯಿ ಸಿಹಿಯಾದಂತೆನಿಸಿತು. ಇಂಥದೊಂದು ದಿನ ಬರುತ್ತದೆಂದು ಅವನು ಲೆಕ್ಕ ಹಾಕಿರಲಿಲ್ಲ, ಆದರೆ ಬಂದರೆ ಏನು ಅನ್ನಬೇಕೆಂಬುದನ್ನು ಎರಡು ವರ್ಷ ಐದು ತಿಂಗಳಿನಿಂದ ಸಿದ್ಧವಾಗಿ ಇಟ್ಟುಕೊಂಡಿದ್ದ.

2017ರ ಮಾರ್ಚ್ 14, ಮಂಗಳವಾರ. ಅವನ ತಂದೆ ಕಾಮಣ್ಣ ತೀರಿಕೊಂಡ ಮರುದಿನ. ಕಾಮಣ್ಣ ಕುರಿ ಕಾಯ್ದು ಬದುಕಿದವನು, ಬೀರೇಶ್ವರನ ಪೂಜೆಯ ಮನೆತನದವನು. ಮುಧೋಳದ ಕಡೆ ಕುರಿ ಹೊಡೆದುಕೊಂಡು ಹೋದ ಒಂದು ವರ್ಷ ಅಲ್ಲಿಯ ಮುದುಕ ಪಾಸ್ಟರ್ ಒಬ್ಬರ ಹತ್ತಿರ ಅಕ್ಷರ ಕಲಿತ, ಐವತ್ತನೇ ವಯಸ್ಸಿನಲ್ಲಿ. ಓದಲು ಬಂದ ಮೇಲೆ ಯೇಸುವಿನ ಮಾತು ಓದಿದ. ಓದಿದ ಮೇಲೆ ಅವನನ್ನು ನಂಬಿದ. ಹೆಂಡತಿ, ಮಗ ಅವನ ಹಿಂದೆ ಬಂದರು. ಊರು ಹತ್ತು ವರ್ಷ ಅದನ್ನು ಕಂಡೂ ಕಾಣದಂತಿತ್ತು. ಹೆಣ ಹೊತ್ತು ರುದ್ರಭೂಮಿಗೆ ಹೋದಾಗ ಮಾತ್ರ ಬಾಗಿಲಲ್ಲಿ ಅಂದಾನೆಪ್ಪ ನಿಂತಿದ್ದ, ಹತ್ತಿಪ್ಪತ್ತು ಜನರೊಂದಿಗೆ. ಬಾಗಿಲ ಪಕ್ಕದ ಕಲ್ಲಿನ ಮೇಲೆ ಮಾದೇವಿ ಕುಳಿತಿದ್ದಳು. ಗಂಡಸರಿನ್ನೂ ಮಾತು ಹುಡುಕುತ್ತಿದ್ದಾಗ ಆ ಮುದುಕಿಯೇ ಅಂದದ್ದು:

"ಧರ್ಮ ಬಿಟ್ಟ ಹೆಣ ನಮ್ಮ ಮಣ್ಣಾಗ ಬ್ಯಾಡ. ಹೊಳಿ ಐತಲ್ಲ, ಒಗೀರಿ."

ಹೆಣ ಬಾಗಿಲಿಗೆ ಬಂದದ್ದು ಬೆಳಿಗ್ಗೆ ಏಳೂ ಹತ್ತಕ್ಕೆ. ಜಮಖಂಡಿಯ ಕ್ರೈಸ್ತರ ಭೂಮಿಗೆ ಒಯ್ಯಲು ಟ್ರ್ಯಾಕ್ಟರ್ ಸಿಕ್ಕಿದ್ದು ಸಂಜೆ ಆರೂ ಐವತ್ತಕ್ಕೆ. ಹನ್ನೊಂದು ತಾಸು ನಲವತ್ತು ನಿಮಿಷ. ಮಾರ್ಚ್ ತಿಂಗಳ ಬಿಸಿಲು. ಕಡೆಯ ಎರಡು ತಾಸು ಶಶಿಕಾಂತ ಟವೆಲಿನಿಂದ ನೊಣ ಹೊಡೆಯುತ್ತ ಕುಳಿತಿದ್ದ. ಆ ವರ್ಷವೇ, ಇನ್ನು ನಮ್ಮವರು ಯಾರೂ ಯಾರ ಬಾಗಿಲಲ್ಲೂ ಕಾಯಬಾರದೆಂದು, ಯಾರಿಗೂ ಬೇಡವಾದ ಈ ಇಪ್ಪತ್ತು ಗುಂಟೆ ಕೊಂಡ.

ಈಗ, ಎಂಟೂ ಇಪ್ಪತ್ತಕ್ಕೆ, ಅಂದಾನೆಪ್ಪ ತಾನೇ ಬಂದ. ಧೋತರ ಮೊಣಕಾಲಿನವರೆಗೆ ಕೆಸರು. ಯಾವಾಗಲೂ ತಲೆಯ ಮೇಲಿರುತ್ತಿದ್ದ ಬಿಳಿ ಟೊಪ್ಪಿಗೆ ಇರಲಿಲ್ಲ.

"ಶಶಿಕಾಂತಪ್ಪಾ," ಅಂದ. ಈ ಊರಿನಲ್ಲಿ ಅವನ ಬಾಯಿಂದ 'ಲೇ ಕಾಮ್ಯಾನ ಮಗನ' ಅನ್ನುವುದಷ್ಟೇ ಕೇಳಿದ್ದ ಶಶಿಕಾಂತನಿಗೆ ಅದು ಬೇರೆ ಯಾರದೋ ಹೆಸರಿನಂತೆ ಕೇಳಿಸಿತು. "ಅವ್ವಗ ಮಣ್ಣು ಬೇಕಾಗೇತಿ."

"ಹೊಳಿ ಐತಲ್ಲ ಸಾವಕಾರ್ರ. ಒಗೀರಿ."

ಮಾತು ಅವನು ಅಂದುಕೊಂಡಿದ್ದಕ್ಕಿಂತ ಸಣ್ಣ ದನಿಯಲ್ಲಿ ಬಂತು. ಆದರೆ ಮುಟ್ಟಬೇಕಾದಲ್ಲಿ ಮುಟ್ಟಿತು. ಅಂದಾನೆಪ್ಪ ತಲೆಯಾಡಿಸಿದ.

"ಅನ್ನು. ನೀ ಅನ್ನಬೇಕಾದ್ದ. ಆದ್ರ ನಮ್ಮಲ್ಲಿ ಸುಡಂಗಿಲ್ಲ, ನೀರಿಗೆ ಬಿಡಂಗಿಲ್ಲ. ಕುಂದ್ರಿಸಿ ಮಣ್ಣು ಕೊಡಬೇಕು. ಅದು ನಿನಗೂ ಗೊತ್ತೈತಿ."

"ನಮ್ಮಪ್ಪಗೂ ಮಣ್ಣ ಬೇಕಾಗಿತ್ರಿ."

"ಹೌದು."

ಶಶಿಕಾಂತ ಗಡಿಯಾರ ನೋಡಿಕೊಂಡ. "ನೀವು ಕೇಳಿದ್ದು ಎಂಟೂ ಇಪ್ಪತ್ತಕ್ಕ. ಸಂಜಿ ಎಂಟಕ್ಕ ಸರಿಯಾಗಿ ಹೇಳ್ತೀನಿ, ಕೊಡ್ತೀನೋ ಇಲ್ಲೋ ಅಂತ. ಹನ್ನೊಂದು ತಾಸು ನಲವತ್ತ ನಿಮಿಷ ಆಕ್ಕೈತಿ. ಅಲ್ಲೀ ಮಟ ನೊಣ ಹೊಡಕೋಂತ ಕುಂದರ್ರಿ."

ಅಂದಾನೆಪ್ಪ ಜಗಳ ಮಾಡಲಿಲ್ಲ. ಜಾಗದ ಗಡಿಕಲ್ಲಿನ ಹೊರಗೆ, ಸರಿಯಾಗಿ ಹೊರಗೆ, ಕಲ್ಲುಹಾಸಿನ ಮೇಲೆ ಕುಳಿತ. ಮಳೆ ಹನಿಯುತ್ತಿತ್ತು. ಹೆಣವಿದ್ದ ಕೋಣೆಯನ್ನು ಜನ ಖಾಲಿ ಮಾಡಿಕೊಟ್ಟು ಉಳಿದ ನಾಲ್ಕರಲ್ಲಿ ಒತ್ತಿಕೊಂಡಿದ್ದರು. ಶಾಲೆಯ ಕಟ್ಟೆಯ ಮೇಲಿಂದ ತಾರವ್ವ ಎಂಬ ನೆರೆಮನೆಯ ಹೆಂಗಸು ಎಲ್ಲರಿಗೂ ಕೇಳುವಂತೆ ಅಂದಳು: "ಸಾವಕಾರ್ರು ಹಿಂಗ ಬರಿ ನೆಲದ ಮ್ಯಾಲ ಕುಂತಿದ್ದು ನಾ ಹುಟ್ಟಿದಾಗಿಂದ ನೋಡಿದ್ದಿಲ್ಲವಾ. ಹೊಳಿ ಏನೇನ ತೋರಸ್ತೈತಿ."

ಶಶಿಕಾಂತನಿಗೆ ಅದು ಇನ್ನಷ್ಟು ಹಿತವಾಯಿತು. ಒಂಬತ್ತರ ಅಳತೆಗೆ ಇಳಿದ. ಹದಿನಾಲ್ಕು ಮೂವತ್ನಾಲ್ಕು. ಹತ್ತಿ ಬರುವಾಗ ಗಡಿಕಲ್ಲಿನ ಕಡೆ ಬೇಕೆಂದೇ ನೋಡಿದ. ಅಂದಾನೆಪ್ಪ ಹಾಗೆಯೇ ಕುಳಿತಿದ್ದ. ಇನ್ನು ಹತ್ತು ತಾಸು ಐವತ್ತೈದು ನಿಮಿಷ.

ಆದರೆ ಗಡಿಕಲ್ಲಿನ ಒಳಗೆ ಅವನ ತಾಯಿ ಯಲ್ಲಕ್ಕ ಹಾರೆ ಹಿಡಿದು ನಿಂತಿದ್ದಳು.

ಅರವತ್ತೈದು ವರ್ಷದ ಹೆಂಗಸು. ದೀಕ್ಷಾಸ್ನಾನದ ದಿನ ಪಾಸ್ಟರ್ ಹೊಸ ಹೆಸರು ಕೊಡುತ್ತೇನೆಂದಾಗ, "ದೇವರೇನ್ ರೇಶನ್ ಅಂಗಡಿಯಂವೇನ್ರಿ, ಹೆಸರ ನೋಡಿ ಒಳಗ ಬಿಡಾಕ?" ಎಂದು ಯಲ್ಲಕ್ಕನಾಗಿಯೇ ಉಳಿದವಳು. ಓದಲು ಬರುತ್ತಿರಲಿಲ್ಲ. ಗಂಡ ಓದಿ ಹೇಳಿದ್ದರಲ್ಲಿ ಮಾಡಬೇಕಾದದ್ದನ್ನಷ್ಟೇ ನೆನಪಿಟ್ಟುಕೊಂಡಿದ್ದಳು, ಉಳಿದದ್ದು ಪಾಸ್ಟರ್‌ಗೆ ಬಿಟ್ಟದ್ದು ಅನ್ನುತ್ತಿದ್ದಳು.

"ಹಾರಿ ಇಡು ಬೇ," ಅಂದ ಶಶಿಕಾಂತ. "ನಾ ಸಂಜಿ ಎಂಟಕ್ಕ ಹೇಳ್ತೀನಿ ಅಂದೇನಿ."

"ನೀ ಎಂಟಕ್ಕ ಹೇಳು. ನಾ ಈಗ ತೋಡ್ತೀನಿ." ಹಾರೆ ಎತ್ತಿ ಗರಸಿನ ಮೇಲೆ ಹಾಕಿದಳು. ಕಿಡಿ ಹಾರಿತು, ಒಂದು ಹಿಡಿಯಷ್ಟು ಮಣ್ಣೂ ಏಳಲಿಲ್ಲ.

"ಆಕಿ ಏನಂದಿದ್ಲು ನಿನಗ ನೆನಪ ಐತೇನ? ಅಪ್ಪನ ಮುಂದ ನಿಂತು ಏನಂದಿದ್ಲು?"

"ನಿನಗಿಂತ ಛಲೋ ನೆನಪೈತಿ. ನಾ ಅಂವನ ತಲಿ ಹಿಡಕೊಂಡು ಕುಂತಿದ್ದೆ."

"ಮತ್ತ?"

"ಮತ್ತೇನ? ಕೇಡ ಮಾಡಿದವ್ರಿಗೆ ಒಳ್ಳೇದ ಮಾಡ್ರಿ ಅಂತ ಯೇಸು ಹೇಳ್ಯಾನೋ ಇಲ್ಲೋ?"

"ಹೇಳ್ಯಾನ. ನನಗ ಮನಸ ಇಲ್ಲ. ಮನಸಿಲ್ಲದ ಮಾಡಿದ್ರ ಅದು ನಾಟಕ ಆಕ್ಕೈತಿ. ಸಿಟ್ಟು ಇಳೀಲಿ, ಆಮ್ಯಾಲ ನೋಡೂಣು."

ಯಲ್ಲಕ್ಕ ಹಾರೆಯ ಮೇಲೆ ಭಾರ ಬಿಟ್ಟು ಉಸಿರು ತಿರುಗಿಸಿಕೊಂಡಳು. "ಲೇ ಶಶಿ, ಸಿಟ್ಟು ಇಳದ ಮ್ಯಾಲ ಮಾಡಿದ್ರ ಅದು ನಿನ್ನ ಮನಸಿನ ಮಾತು ಕೇಳಿದಂಗ. ಅದನ್ನ ಯಾರ ಬೇಕಾದ್ರೂ ಮಾಡ್ತಾರ, ಇಗೋ ಈ ಸಾವಕಾರ್ರೂ ಮಾಡ್ತಾರ. ಸಿಟ್ಟ ಇದ್ದಾಗ ಮಾಡಿದ್ರ ಅವಾಗ ಯೇಸುನ ಮಾತ ಕೇಳಿದಂಗ. ನಂಬೇನಿ, ನಂಬೇನಿ ಅಂತ ರವಿವಾರಕ್ಕೊಮ್ಮಿ ರಬಕವಿಗೆ ಹೋಗಿ ಕೈ ಎತ್ತಿ ಹಾಡ್ತೀಯಲ್ಲ, ಅದು ಬಸ್ಸಿನ ಖರ್ಚು ಅಷ್ಟ."

ಗಡಿಕಲ್ಲಿನ ಹೊರಗೆ ಅಂದಾನೆಪ್ಪ ನೆಲ ನೋಡುತ್ತ ಕುಳಿತಿದ್ದ. ಅವನಿಗೆ ಎಲ್ಲವೂ ಕೇಳಿಸುತ್ತಿತ್ತು.

ಯಲ್ಲಕ್ಕ ಮತ್ತೊಮ್ಮೆ ಹಾರೆ ಎತ್ತಿದಳು. ಅವಳ ಬಲಗೈಯ ಮಣಿಕಟ್ಟು ಹಳೆಯ ಮುರಿತದಿಂದ ಸ್ವಲ್ಪ ಸೊಟ್ಟ. ಶಶಿಕಾಂತ ಆ ಮಣಿಕಟ್ಟನ್ನೇ ನೋಡುತ್ತಿದ್ದ. ಮೂರನೆಯ ಏಟಿಗೆ ಅದು ತಿರುಚಿತು, ಅವಳು ಹಲ್ಲು ಕಚ್ಚಿ ನಾಲ್ಕನೆಯದಕ್ಕೆ ಎತ್ತಿದಳು. ಅವನು ಹೋಗಿ ಹಾರೆ ಕಸಿದುಕೊಂಡ.

"ಆತು. ತೋಡ್ತೀನಿ. ಆದ್ರ ಸಿಟ್ಟ ಹೋಗಿಲ್ಲ."

"ಹೋಗು ಅಂತ ನಾ ಯಾವಾಗ ಅಂದೆ?"

ಶಶಿಕಾಂತ ಗಡಿಕಲ್ಲಿನವರೆಗೆ ನಡೆದು ಅಂದಾನೆಪ್ಪನ ಮುಂದೆ ನಿಂತ. "ಏಳ್ರಿ ಸಾವಕಾರ್ರ. ಜಾಗಾ ಕೊಟ್ಟೇನಿ. ಮಾಫಿ ಮಾಡಿಲ್ಲ."

"ನಾ ಮಾಫಿ ಕೇಳಾಕ ಬಂದಿಲ್ಲಪಾ," ಅಂದ ಅಂದಾನೆಪ್ಪ, ಏಳಲು ಕೈಯೂರುತ್ತ. "ಯಾವ ಬಾಯಿಲೆ ಕೇಳಲಿ. ಜಾಗಾ ಕೇಳಾಕ ಬಂದೇನಿ."

ಕುಣಿ ತೋಡುವ ಮೊದಲು ಅಳತೆ ಬೇಕಿತ್ತು. ಅಂದಾನೆಪ್ಪನ ಮನೆತನದಲ್ಲಿ ಕುಣಿಯನ್ನು ಗೇಣಿನಿಂದಾಗಲಿ ಟೇಪಿನಿಂದಾಗಲಿ ಅಳೆಯುವುದಿಲ್ಲ. ತೀರಿಕೊಂಡವರ ಪಾದವೇ ಅಳತೆಗೋಲು. ಅವರ ಪಾದದಿಂದ ಒಂಬತ್ತು ಪಾದ ಉದ್ದ, ಐದು ಪಾದ ಅಗಲ, ಏಳು ಪಾದ ಆಳ. ತಳದಲ್ಲಿ ಒಂದು ಪಕ್ಕಕ್ಕೆ ಕೊರೆದ ಗೂಡು, ನಾಲ್ಕು ಪಾದ ಎತ್ತರ. ಹೆಣವನ್ನು ಪದ್ಮಾಸನ ಹಾಕಿಸಿ, ಕೈಯಲ್ಲಿ ಲಿಂಗವಿಟ್ಟು, ಆ ಗೂಡಿನಲ್ಲಿ ಕೂರಿಸುತ್ತಾರೆ. ಪಾದದ ಅಳತೆ ತೆಗೆಯುವವರು ಅಯ್ಯನವರು, ಅಂದರೆ ಸಂಸ್ಕಾರ ಮಾಡಿಸುವ ಜಂಗಮರು.

"ಅಯ್ಯನವ್ರು ಬನಹಟ್ಟಿಯೊಳಗ ಸಿಕ್ಕೊಂಡಾರ," ಅಂದ ಅಂದಾನೆಪ್ಪ. "ಮಂತ್ರ ನನಗ ಬರ್ತೈತಿ, ಹೆಂಗರೆ ಸಾಗಸ್ತೀನಿ. ಅಳತಿ ನೀನ ತಗೋ. ನನ್ನ ಕೈ ನಡಗಾಕತ್ತಾವ. ನೀ ಹೊಳಿ ಅಳಿಯಾಂವ, ನಿನ್ನ ಅಳತಿ ತಪ್ಪಂಗಿಲ್ಲ."

ದನಗಳಿಗೆ ಹಾಕಿದ್ದ ಕಣಿಕೆಯಿಂದ ಒಂದು ಒಣ ಜೋಳದ ದಂಟು ಹಿರಿದುಕೊಂಡು ಶಶಿಕಾಂತ ಶಾಲೆಯೊಳಗೆ ಹೋದ. ಮೂರನೇ ಇಯತ್ತೆಯ ಕೋಣೆ. ಗೋಡೆಯ ಮೇಲೆ ಮಗ್ಗಿಯ ತಖ್ತೆ. ಅದರ ಕೆಳಗೆ ಮಾದೇವಿಯನ್ನು ಬಟ್ಟೆಯಿಂದ ಕಟ್ಟಿ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ. ಅವನು ಮುಖ ನೋಡಲಿಲ್ಲ. ಸೀರೆಯ ಅಂಚು ಸರಿಸಿ, ಹಿಮ್ಮಡಿಗೆ ದಂಟಿನ ಒಂದು ತುದಿ ಒತ್ತಿ, ಹೆಬ್ಬೆರಳ ತುದಿಗೆ ಉಗುರಿನಿಂದ ಗುರುತು ಮಾಡಿದ. ಕಾಲು ತಣ್ಣಗಿತ್ತು, ಹಿಮ್ಮಡಿ ಬಿರುಕು ಬಿಟ್ಟಿತ್ತು. ಗುರುತಿನಲ್ಲಿ ದಂಟನ್ನು ಕೊಯ್ದು, ಅಭ್ಯಾಸಬಲದಿಂದ ಜೇಬಿನ ಟೇಪಿಗೆ ಹಿಡಿದು ನೋಡಿದ. ಇಪ್ಪತ್ತೊಂದು ಸೆಂಟಿಮೀಟರ್. ಎರಡು ವರ್ಷ ಅವನ ತಲೆಯೊಳಗೆ ಓಡಾಡಿದ ಕಾಲು ಇದಕ್ಕಿಂತ ದೊಡ್ಡದಿತ್ತು.

ಹತ್ತಕ್ಕೆ ಗೆರೆ ಹಾಕಿ ತೋಡತೊಡಗಿದರು. ಶಶಿಕಾಂತ, ಬಸವಕುಮಾರ, ಶಾಲೆಯಲ್ಲಿದ್ದ ಇನ್ನೂ ನಾಲ್ವರು, ಸರದಿಯಂತೆ. ಒಬ್ಬ ಹಾರೆ ಹಾಕಿದರೆ ಇನ್ನೊಬ್ಬ ಬುಟ್ಟಿ ತುಂಬುವುದು. ಮೇಲಿನ ಎರಡಡಿ ಮಳೆಗೆ ಮೆತ್ತಗಾಗಿತ್ತು, ಕೆಳಗೆ ಗರಸು ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಸವಕುಮಾರನ ಅಂಗೈಯಲ್ಲಿ ಬೊಬ್ಬೆ ಒಡೆದು ರಕ್ತ ಬಂತು.

"ತಮ್ಮಾ, ಟ್ರ್ಯಾಕ್ಟರ್ ಸ್ಟೇರಿಂಗ್ ಮೆತ್ತಗ ಇರ್ತೈತಿ," ಅಂದ ಬುಟ್ಟಿ ಹೊರುತ್ತಿದ್ದ ವೀರಣ್ಣ. "ಇದು ಹಾರಿ."

"ನಗಬ್ಯಾಡ್ರಿ ಕಾಕಾ."

"ನಗದ ಏನ ಮಾಡಲಿ? ನಿಮ್ಮ ಆಯಿ ಇದ್ದಿದ್ರ ಆಕೀನ ನಗತಿದ್ಲು."

ತಾಸಿಗೊಮ್ಮೆ ಶಶಿಕಾಂತ ಕೈ ಒರೆಸಿಕೊಂಡು ಹೊಳೆಗೆ ಇಳಿದು, ಓದಿ, ಬರೆದು ಬರುತ್ತಿದ್ದ. ಹಾರೆಯ ಒಂದೊಂದು ಏಟಿಗೂ ಅವನ ಸಿಟ್ಟು ಕಡಿಮೆಯಾಗುವ ಬದಲು ಗಟ್ಟಿಯಾಗುತ್ತ ಹೋಯಿತು. ಅಪ್ಪನಿಗೆ ಜಮಖಂಡಿಯಲ್ಲಿ ಕುಣಿ ತೋಡಿದವರು ಯಾರೋ ಗುರುತಿಲ್ಲದವರು. ಕತ್ತಲಾಗಿತ್ತೆಂದು ಅರ್ಧಂಬರ್ಧ ತೋಡಿದ್ದರು. ಈ ಮುದುಕಿಗೆ ಮಾತ್ರ ಏಳು ಪಾದ ಆಳ, ಅದೂ ತನ್ನ ಕೈಯಿಂದ, ತನ್ನ ಮಣ್ಣಿನಲ್ಲಿ.

ಮೂರು ಗಂಟೆಗೆ ಆಳ ಮುಗಿಯಿತು. ಉಳಿದದ್ದು ಗೂಡು. ಗೂಡು ಕೊರೆಯಲು ಒಬ್ಬನಿಗಷ್ಟೇ ಜಾಗ. ಶಶಿಕಾಂತ ಒಬ್ಬನೇ ತಳಕ್ಕಿಳಿದ, ದಂಟನ್ನು ಬಾಯಲ್ಲಿ ಕಚ್ಚಿಕೊಂಡು.

ಮಂಡಿಯೂರಿ ಪಕ್ಕದ ಗೋಡೆಗೆ ದಂಟು ಹಿಡಿದಾಗ ಅವನಿಗೆ ಆ ವಿಚಾರ ಬಂತು. ಹೊರಗಿನಿಂದ ಬಂದಂತಲ್ಲ, ಮೊದಲೇ ಅಲ್ಲಿದ್ದು ಕಾಯುತ್ತಿದ್ದಂತೆ ಬಂತು. ಕುಳಿತ ಹೆಣದ ಎತ್ತರ ಎಪ್ಪತ್ತೆಂಟು ಸೆಂಟಿಮೀಟರ್ ಇದ್ದೀತು. ಬೆಳಿಗ್ಗೆ ಗೋಡೆಗೆ ಆನಿಸಿದ್ದನ್ನು ಅವನ ಕಣ್ಣು ತಾನಾಗಿ ಅಳೆದಿತ್ತು. ನಾಲ್ಕು ಪಾದ ಅಂದರೆ ಎಂಬತ್ತನಾಲ್ಕು. ತಲೆಯ ಮೇಲೆ ನಾಲ್ಕು ಬೆರಳಿಗಿಂತ ಸ್ವಲ್ಪ ಕಡಿಮೆ ಜಾಗ. ದಂಟಿನಿಂದ ಬರೀ ಮೂರು ಸೆಂಟಿಮೀಟರ್ ಮುರಿದರೆ? ನಾಲ್ಕು ಪಾದಕ್ಕೆ ಹನ್ನೆರಡು ಕಡಿಮೆ. ಗೂಡು ಎಪ್ಪತ್ತೆರಡಕ್ಕೆ ನಿಲ್ಲುತ್ತದೆ. ಕೂರಿಸುವಾಗ ಇಳಿದವರಿಗೆ ಇಕ್ಕಟ್ಟಿನಲ್ಲಿ ಗೊತ್ತಾಗುವುದಿಲ್ಲ, ಕುತ್ತಿಗೆ ಸ್ವಲ್ಪ ಬಗ್ಗಿಸಿ ಒಳಗೆ ಸೇರಿಸುತ್ತಾರೆ, ಮೇಲೆ ಮಣ್ಣು ಬೀಳುತ್ತದೆ. ರುದ್ರಭೂಮಿಯ ಬಾಗಿಲಲ್ಲಿ ತಲೆಯೆತ್ತಿ ಕುಳಿತವಳು ಕಾಮಣ್ಣನ ಮಗನ ನೆಲದಲ್ಲಿ, ಅವನು ಸತ್ತ ಮೇಲೂ, ಅವನ ಮಕ್ಕಳು ಸತ್ತ ಮೇಲೂ, ತಲೆ ತಗ್ಗಿಸಿಕೊಂಡೇ ಕುಳಿತಿರುತ್ತಾಳೆ.

ಕೊಟ್ಟ ಮಾತಿಗೂ ತಪ್ಪಿದಂತಾಗುವುದಿಲ್ಲ. ಅವ್ವ ತೋಡು ಅಂದಳು, ತೋಡಿದ.

ದಂಟು ಸಣ್ಣ ಸದ್ದಿನೊಂದಿಗೆ ಮುರಿಯಿತು. ಮುರಿದ ತುಣುಕನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಉಳಿದದ್ದನ್ನು ಗೋಡೆಗೆ ಹಿಡಿದು ನಾಲ್ಕು ಸಲ ಎಣಿಸಿ, ಹಾರೆಯ ತುದಿಯಿಂದ ಗೆರೆ ಎಳೆದ. ಆಮೇಲೆ ಅವನು ಕೆಲಸ ಮಾಡಿದ ಚೆಂದ ನೋಡಿದ್ದರೆ ಯಾರಾದರೂ ಮೆಚ್ಚುತ್ತಿದ್ದರು. ಮೂಲೆಗಳನ್ನು ಉಳಿಯಿಂದ ತಿದ್ದಿದ, ನೆಲ ಸಮ ಮಾಡಿದ, ಚಾವಣಿಯನ್ನು ಅಂಗೈಯಿಂದ ಸವರಿ ನುಣುಪಾಗಿಸಿದ. ಐವತ್ತು ನಿಮಿಷದಲ್ಲಿ ಮುಗಿಯಿತು.

"ಆತೇನ್?" ಮೇಲಿನಿಂದ ಅಂದಾನೆಪ್ಪನ ದನಿ.

"ಆತ್ರಿ."

"ನಾಕ ಪಾದ ಬಂತೇನಪಾ?"

"ಬಂತು."

"ನಿನ್ನ ಕೈಯಾಗ ಬಂದ್ರ ಬಂತು." ಅಂದಾನೆಪ್ಪ ಕೆಳಗೆ ಇಣುಕಿಯೂ ನೋಡಲಿಲ್ಲ. ಕೈ ಕೊಟ್ಟು ಅವನನ್ನು ಮೇಲೆ ಎಳೆದುಕೊಂಡ.

ನಾಲ್ಕು ಗಂಟೆಯ ಅಳತೆಯ ಹೊತ್ತಾಗಿತ್ತು. ಹೆಣವನ್ನು ಮೀಯಿಸಿ ವಿಭೂತಿ ಹಚ್ಚಲು ಮನೆಯವರು ಒಳಗೆ ಹೋದರು, ಶಶಿಕಾಂತ ಹೊಳೆಗೆ ಇಳಿದ. ಮಳೆ ನಿಂತಿತ್ತು. ಆಚೆ ದಡದವರೆಗೆ ಕಂದು ನೀರು, ಅದರಲ್ಲಿ ಬೇರುಸಹಿತ ಕಬ್ಬು, ಒಂದು ಕೋಳಿಗೂಡು, ಯಾರದೋ ಮಗ್ಗದ ಕಟ್ಟಿಗೆ. ತೆರೆ ಏರಿದಾಗ ಹದಿನಾಲ್ಕು ನಲವತ್ತೆರಡು, ಇಳಿದಾಗ ಹದಿನಾಲ್ಕು ನಲವತ್ತು. ವಹಿ ತೆಗೆದು ನಲವತ್ತೊಂದು ಎಂದು ಬರೆಯಹೋದ.

ಪೆನ್ನು ನಿಂತಿತು.

ಈ ಅಂಕಿಯನ್ನು ಯಾರು ನೋಡುತ್ತಾರೆ? ಫೋನಿಲ್ಲ. ನೀರು ಇಳಿದ ಮೇಲೆ ವಹಿಯನ್ನು ಕೇಳಿದರೂ ಕೇಳಿದರು, ಇಲ್ಲದಿದ್ದರೆ ಇಲ್ಲ. ಆರು ವರ್ಷದಲ್ಲಿ ಮೇಲಿನವರು ಬಂದು ಪರೀಕ್ಷಿಸಿದ್ದು ಎರಡು ಸಲ. ಬೇಸಿಗೆಯ ಬೆಳಿಗ್ಗೆಗಳಲ್ಲಿ, ಹೊಳೆ ಅಲ್ಲಾಡದೆ ಬಿದ್ದಿರುವಾಗ, ಮನೆಯಲ್ಲೇ ಕುಳಿತು ನಿನ್ನೆಯ ಅಂಕಿಯನ್ನೇ ಬರೆದರೂ ನಡೆಯುತ್ತಿತ್ತು. ಅವನು ಒಂದು ದಿನವೂ ಹಾಗೆ ಬರೆದಿರಲಿಲ್ಲ. ಯಾಕೆ ಎಂದು ತನ್ನನ್ನು ಕೇಳಿಕೊಂಡಿರಲೂ ಇಲ್ಲ. ಅಳತೆ ಅಂದರೆ ಇದ್ದದ್ದನ್ನು ಇದ್ದಂತೆ ಬರೆಯುವುದು. ನೋಡುವವನಿದ್ದಾಗ ಒಂದು, ಇಲ್ಲದಾಗ ಒಂದು ಆದರೆ ಅದು ಅಳತೆಯೇ ಅಲ್ಲ. ಇಷ್ಟು ಅವನಿಗೆ ಹೊಳೆಯ ವಿಷಯದಲ್ಲಿ ಗೊತ್ತಿತ್ತು.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಉತ್ತರ ಮೊದಲೇ ಗೊತ್ತಿರುವವರು ಅದಕ್ಕೆ ಹೊಂದುವಂತೆ ನಡುವಿನ ಅಂಕಿಗಳನ್ನು ಹುಟ್ಟಿಸಿ ಬರೆಯುತ್ತಿದ್ದರು. ಅಂಥವರನ್ನು ಕಂಡರೆ ಅವನಿಗೆ ಅಸಹ್ಯ. ಹನ್ನೆರಡು ವರ್ಷ ತಾನು ನಂಬಿದ್ದೇನೆ ಅಂದದ್ದೂ ಬರೀ ಉತ್ತರವೇ ಆಗಿತ್ತು. ಆ ಉತ್ತರಕ್ಕೆ ಒಂದು ಪ್ರಯೋಗ ಅಂತ ಬಂದಿದ್ದರೆ ಅದು ಇವತ್ತು. ಒಂದು ಕುಣಿಯ ತಳದಲ್ಲಿ, ಯಾರೂ ನೋಡದ ಕಡೆ, ಒಂದು ದಂಟು. ಅಲ್ಲಿ ಅವನು ಬೇಕಾದ ಅಂಕಿಯನ್ನು ಹುಟ್ಟಿಸಿದ್ದ.

ಜೇಬಿನ ತುಣುಕನ್ನು ಮುಟ್ಟಿ ನೋಡಿದ. ಹೊಳೆಗೆ ಒಗೆದರೆ ಮುಗಿಯಿತು. ಮುದುಕಿ ತಲೆ ತಗ್ಗಿಸಿ ಕುಳಿತಿರುವ ಚಿತ್ರ ಕಣ್ಣ ಮುಂದೆ ಬಂತು. ಈಗಲೂ ಅದು ಅವನಿಗೆ ಬೇಕಾಗಿತ್ತು, ಹಸಿದವನಿಗೆ ರೊಟ್ಟಿ ಬೇಕಾದಂತೆ. ದೇವರು ಆ ಹಸಿವನ್ನು ತೆಗೆಯಲಿ ಎಂದು ಒಂದು ಕ್ಷಣ ಕಾದ. ಹಸಿವು ಹೋಗಲಿಲ್ಲ. ಎದೆಯಲ್ಲಿ ಯಾವ ತಂಪೂ ಇಳಿಯಲಿಲ್ಲ. ಸಿಟ್ಟ ಇದ್ದಾಗ ಮಾಡಿದ್ರ, ಅಂದಿದ್ದಳು ಅವ್ವ.

ಹದಿನಾಲ್ಕು ಮೀಟರ್ ನಲವತ್ತೊಂದು ಸೆಂಟಿಮೀಟರ್ ಎಂದು ಬರೆದು ವಹಿ ಮುಚ್ಚಿದ.

ಅವನು ಮೇಲೆ ಬರುವಷ್ಟರಲ್ಲಿ ಮಾದೇವಿಯನ್ನು ಕುರ್ಚಿಯ ಮೇಲೆ ಕೂರಿಸಿ, ಬಿಲ್ವಪತ್ರೆ ಸಿಗದೆ ಬೇವಿನೆಲೆಯ ಮಾಲೆ ಹಾಕಿ, ಗಡಿಕಲ್ಲಿನವರೆಗೆ ಹೊತ್ತು ತಂದಿದ್ದರು. ಅಂದಾನೆಪ್ಪ ಬಾಯಲ್ಲಿ ಮಂತ್ರ ಹೇಳಿಕೊಳ್ಳುತ್ತಿದ್ದ.

"ಸ್ವಲ್ಪ ತಡೀರಿ," ಅಂದ ಶಶಿಕಾಂತ. "ಅರ್ಧಾ ತಾಸು ಬೇಕು."

"ಯಾಕ? ಆತು ಅಂದೀಯಲ್ಲ?"

"ಗೂಡು ಸಣ್ಣದಾಗೇತಿ."

"ಅಳತಿ ತಪ್ಪೇತೇನು?"

"ತಪ್ಪಿಲ್ರಿ." ಜೇಬಿನಿಂದ ಮೂರು ಸೆಂಟಿಮೀಟರಿನ ತುಣುಕು ತೆಗೆದು ಅಂದಾನೆಪ್ಪನ ಅಂಗೈಯಲ್ಲಿಟ್ಟ. "ನಾ ಮುರದೇನಿ. ನಿಮ್ಮವ್ವ ನನ್ನ ನೆಲದಾಗ ತಲಿ ಬಗ್ಗಿಸಿ ಕುಂದರ್ಲಿ ಅಂತ."

ಕುರ್ಚಿ ಹೊತ್ತಿದ್ದ ನಾಲ್ವರೂ ಅಲ್ಲಾಡಲಿಲ್ಲ. ಬಸವಕುಮಾರ ಒಂದು ಹೆಜ್ಜೆ ಮುಂದೆ ಬಂದ, ಅಪ್ಪ ಕೈ ಅಡ್ಡ ಹಿಡಿದ. ಅಂದಾನೆಪ್ಪ ಆ ತುಣುಕನ್ನು ಬೆರಳಿನಿಂದ ಹೊರಳಿಸಿ ನೋಡಿದ. ಅವನ ಮುಖದಲ್ಲಿ ಸಿಟ್ಟು ಬಂತು, ನಿಲ್ಲಲು ಜಾಗ ಸಿಗದೆ ಹೋಯಿತು.

"ಹಂಗಾರ ಈಗ ಯಾಕ ಹೇಳಾಕತ್ತಿ? ನನಗೆಲ್ಲಿ ಗೊತ್ತಾಗತಿತ್ತು?"

"ನಿಮಗ ಹೇಳಾಕತ್ತಿಲ್ರಿ," ಅಂದ ಶಶಿಕಾಂತ. "ನಿಮ್ಮ ಮ್ಯಾಲಿನ ಸಿಟ್ಟ ಹಂಗ ಐತಿ. ಆಕೀ ಮ್ಯಾಲಿಂದೂ ಐತಿ. ನನಗ ಒಬ್ಬಾಂವ ಹೇಳ್ಯಾನ, ಅವನ ಮಾತ ಮೀರಾಕ ಆಗವಲ್ದು. ಅಷ್ಟ."

ಯಲ್ಲಕ್ಕ ಶಾಲೆಯ ಕಟ್ಟೆಯ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದಳು. ಅವಳು ಕೆಳಗಿಳಿದು ಬರಲಿಲ್ಲ. ಸೊಟ್ಟ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ನಿಂತೇ ಇದ್ದಳು.

ಶಶಿಕಾಂತ ಕುಣಿಗೆ ಇಳಿದ. ಈ ಸಲ ದಂಟಿಲ್ಲ, ಟೇಪು. ಒಂದು ತಾಸಿನ ಹಿಂದೆ ತಾನೇ ನುಣುಪಾಗಿಸಿದ ಚಾವಣಿಗೆ ಹಾರೆ ಹಾಕಿದ. ಗರಸಿನ ಚೂರು ಕಣ್ಣಿಗೆ ಬಿದ್ದವು, ಹಲ್ಲಿನಲ್ಲಿ ಮಣ್ಣು ಕರಕರ ಅಂದಿತು. ಒಂದೊಂದು ಏಟಿಗೂ ಒಂದೊಂದು ಬೈಗುಳ ಅವನ ಬಾಯಿಂದ ಬಂತು, ಮೆಲ್ಲಗೆ, ಮೇಲಿನವರಿಗೆ ಕೇಳದಷ್ಟು. ಕೈ ಮಾತ್ರ ನಿಲ್ಲಲಿಲ್ಲ. ಎಪ್ಪತ್ತೈದಕ್ಕೆ ಒಂದು ಕಲ್ಲು ಅಡ್ಡ ಬಂತು. ಅದನ್ನು ಸುತ್ತಲೂ ಬಿಡಿಸಿ ಉರುಳಿಸಿದ. ಎಪ್ಪತ್ತೊಂಬತ್ತಕ್ಕೆ ಮುದುಕಿಯ ತಲೆ ನೆಟ್ಟಗೆ ಹಿಡಿಯುತ್ತಿತ್ತು. ಅಲ್ಲಿಗೇ ನಿಲ್ಲಿಸಿದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಅವನು ನಿಲ್ಲಿಸಲಿಲ್ಲ.

ಐದು ಗಂಟೆಗೆ ಐದು ನಿಮಿಷವಿದ್ದಾಗ ಹಾರೆ ಕೆಳಗಿಟ್ಟು, ನೆಲದಿಂದ ಚಾವಣಿಗೆ ಟೇಪು ಹಿಡಿದ. ಎಡ ಮೂಲೆಯಲ್ಲಿ ಒಮ್ಮೆ, ಬಲ ಮೂಲೆಯಲ್ಲಿ ಒಮ್ಮೆ, ನಡುವೆ ಒಮ್ಮೆ. ಮೂರೂ ಕಡೆ ಒಂದೇ ಬಂತು: ಎಂಬತ್ತನಾಲ್ಕು ಸೆಂಟಿಮೀಟರ್.